ಕಿಡ್ನಿ ಊದಿದೆ, ಕಲ್ಲಿಲ್ಲ: ಆಮೇಲೇನು?

ಮೂತ್ರನಾಳವನ್ನು ಹೊರಗಿನಿಂದ ಅಮುಕಿ ಕಿಡ್ನಿ ಕೆಡಿಸುವ ಅಪರೂಪದ ಕಾಯಿಲೆಯ ಬಗ್ಗೆ ರಾಂಪುರ, ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯ ಓದುಗರಿಗೊಂದು ಕೈಪಿಡಿ

ರಾಂಪುರದ ಕಡೆ ಪಕ್ಕೆ ನೋವು ಅಂದರೆ ‘ಕಲ್ಲಾಗಿರಬೇಕು’ ಅನ್ನುತ್ತಾರೆ, ಸೊಂಟ ನೋವು ಅಂದರೆ ‘ನೀರಿನ ದೋಷ’ ಅನ್ನುತ್ತಾರೆ. ಎರಡೂ ಸುಮ್ಮನೆ ಹುಟ್ಟಿದ ಮಾತಲ್ಲ. ಬಿಸಿಲು ಸೀಮೆಯಲ್ಲಿ ಬೆವರು ಜಾಸ್ತಿ, ಹೊಲದಲ್ಲಿ ಕುಡಿಯುವ ನೀರು ಕಡಿಮೆ. ಕಲ್ಲುಗಟ್ಟಲು ಅಷ್ಟು ಸಾಕು. ಮೊಳಕಾಲ್ಮೂರು, ಚಳ್ಳಕೆರೆ, ಪಕ್ಕದ ಪಾವಗಡ ತಾಲ್ಲೂಕುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಸುದ್ದಿ. ವರ್ಷಗಟ್ಟಲೆ ಅದನ್ನೇ ಕುಡಿದವರ ಬೆನ್ನು, ಕೀಲು ಬಿಗಿಯುವುದೂ ನಿಜ. ಹಾಗಾಗಿ ನೋವು ಬಂದ ಕೂಡಲೇ ಬಾಳೆದಿಂಡಿನ ರಸ, ಹುರುಳಿ ಕಟ್ಟು, ಮೆಡಿಕಲ್ ಶಾಪಿನಿಂದ ಎರಡು ನೋವಿನ ಮಾತ್ರೆ. ಹೆಚ್ಚಿನವರಿಗೆ ಇದರಿಂದ ದೊಡ್ಡ ನಷ್ಟವೇನೂ ಆಗುವುದಿಲ್ಲ.

ಪೆಟ್ಟು ಬೀಳುವುದು ಕೆಲವರಿಗೆ. ನೋವು ಹೋಗಲಿಲ್ಲವೆಂದು ಸ್ಕ್ಯಾನ್ ಮಾಡಿಸುತ್ತಾರೆ. ಕಿಡ್ನಿ ಊದಿದೆ, ಕಲ್ಲು ಕಾಣುತ್ತಿಲ್ಲ ಎಂದು ರಿಪೋರ್ಟು ಬರುತ್ತದೆ. ‘ಕಲ್ಲಿಲ್ಲವಂತೆ, ಸದ್ಯ’ ಎಂದು ಮನೆಯವರು ರಿಪೋರ್ಟನ್ನು ಮಡಚಿ ಬೀರುವಿನಲ್ಲಿಡುತ್ತಾರೆ. ಅಲ್ಲೇ ತಪ್ಪುವುದು. ಕಿಡ್ನಿ ತಾನಾಗಿಯೇ ಊದುವುದಿಲ್ಲ. ಕೆಳಗೆ ಎಲ್ಲೋ ಮೂತ್ರದ ದಾರಿ ಕಟ್ಟಿದೆ ಎಂದೇ ಹೆಚ್ಚಿನ ಸಲ ಅದರ ಅರ್ಥ. ಕಟ್ಟಿದ್ದು ಕಲ್ಲಲ್ಲ ಅಂದಮೇಲೆ ಮತ್ತೇನು ಎಂದು ಕೇಳಲೇಬೇಕು. ಆ ಪ್ರಶ್ನೆಗೆ ಸಿಗಬಹುದಾದ ಉತ್ತರಗಳಲ್ಲಿ ಅಪರೂಪದ್ದೊಂದು, ಹೆಸರೂ ಉದ್ದದ್ದು: ರೆಟ್ರೊಪೆರಿಟೋನಿಯಲ್ ಫೈಬ್ರೋಸಿಸ್. ವೈದ್ಯರು ಚುಟುಕಾಗಿ ಆರ್‌ಪಿಎಫ್ ಅನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಹಿಡಿದರೆ ಮಾತ್ರೆಯಲ್ಲಿ ಹತೋಟಿಗೆ ಬರುವ ಕಾಯಿಲೆ ಇದು. ಬಿಟ್ಟರೆ ಎರಡೂ ಕಿಡ್ನಿ ಹೋಗಿ ಡಯಾಲಿಸಿಸ್ ಹಾಸಿಗೆಗೆ ಮುಟ್ಟಿಸುತ್ತದೆ.

ಒಳಗೆ ಆಗುವುದೇನು?

ಕರುಳನ್ನು ಆವರಿಸಿರುವ ತೆಳು ಪೊರೆಗೆ ಪೆರಿಟೋನಿಯಂ ಎಂದು ಹೆಸರು. ಅದರ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡಂತಿರುವ ಜಾಗದಲ್ಲಿ ಎರಡು ಕಿಡ್ನಿ, ಹೃದಯದಿಂದ ಇಳಿದು ಬರುವ ಮಹಾಪಧಮನಿ, ಮೇಲೇರುವ ಮಹಾಸಿರೆ, ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಎರಡು ಮೂತ್ರನಾಳ ಇವೆ. ಮೂತ್ರನಾಳ ಸುಮಾರು 25 ಸೆಂಟಿಮೀಟರ್ ಉದ್ದದ, ಬಹಳ ಮೆತ್ತನೆಯ ಕೊಳವೆ.

ಆರ್‌ಪಿಎಫ್‌ನಲ್ಲಿ ಮಹಾಪಧಮನಿಯ ಸುತ್ತ, ಸಾಮಾನ್ಯವಾಗಿ ಕಿಡ್ನಿಯ ರಕ್ತನಾಳಗಳಿಂದ ಕೆಳಗೆ, ಮೊದಲು ಉರಿಯೂತ ಶುರುವಾಗುತ್ತದೆ. ಆಮೇಲೆ ಅಲ್ಲಿ ಗಾಯದ ಕಲೆಯಂಥ ಬಿಳಿಯ ನಾರಿನ ಅಂಗಾಂಶ ದಪ್ಪಗೆ ಬೆಳೆದು, ಸೊಂಟದ ಕಡೆ ಕವಲೊಡೆಯುವ ರಕ್ತನಾಳಗಳ ಗುಂಟ ಇಳಿದು, ಅಕ್ಕಪಕ್ಕಕ್ಕೂ ಹಬ್ಬುತ್ತದೆ. ದಾರಿಯಲ್ಲಿ ಸಿಕ್ಕ ಮೂತ್ರನಾಳವನ್ನು ಸುತ್ತಿ ನಡುವಿನ ಕಡೆಗೆ ಎಳೆದುಕೊಳ್ಳುತ್ತದೆ. ದಾಳಿಂಬೆ ತೋಟದ ಡ್ರಿಪ್ ಪೈಪಿನಲ್ಲಿ ನೀರು ಎರಡು ಥರ ನಿಲ್ಲುತ್ತದೆ: ಒಳಗೆ ಉಪ್ಪು ಕಟ್ಟಿದರೆ ಒಂದು, ಹೊರಗಿನಿಂದ ಮಣ್ಣಿನ ಹೆಂಟೆ ಬಿದ್ದು ಅಮುಕಿದರೆ ಇನ್ನೊಂದು. ಕಿಡ್ನಿ ಕಲ್ಲು ಮೊದಲನೆಯ ಥರ, ಆರ್‌ಪಿಎಫ್ ಎರಡನೆಯದು. ಮೂತ್ರ ಮೇಲಕ್ಕೆ ಒತ್ತಿ ಕಿಡ್ನಿ ಊದುತ್ತದೆ. ಒತ್ತಡ ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೇ ಇದ್ದರೆ ಕಿಡ್ನಿಯ ಮಾಂಸ ಕರಗಿ ತೆಳುವಾಗುತ್ತದೆ, ಕೊನೆಗೆ ಅಂಗವೇ ಸುರುಟಿಕೊಳ್ಳುತ್ತದೆ. ಒಂದು ಕಡೆಯದು ಹೀಗೆ ಸದ್ದಿಲ್ಲದೆ ಹೋಗಿ, ಎರಡನೆಯದಕ್ಕೂ ಹಿಡಿದಾಗಲೇ ರೋಗ ಗೊತ್ತಾಗುವುದೂ ಉಂಟು.

ಫ್ರಾನ್ಸಿನ ಮೂತ್ರರೋಗ ತಜ್ಞ ಅಲ್ಬರಾನ್ 1905ರಲ್ಲೇ ಇಂಥ ರೋಗಿಯ ಬಗ್ಗೆ ಬರೆದಿದ್ದರು. 1948ರಲ್ಲಿ ಅಮೆರಿಕದ ಜಾನ್ ಓರ್ಮಂಡ್ ಇಬ್ಬರು ರೋಗಿಗಳ ವಿವರ ಪ್ರಕಟಿಸಿದ ಮೇಲೆ ಇದು ಪ್ರತ್ಯೇಕ ರೋಗವೆಂದು ವೈದ್ಯರ ಗಮನಕ್ಕೆ ಬಂತು. ಹಾಗಾಗಿ ‘ಓರ್ಮಂಡ್ ಕಾಯಿಲೆ’ ಅನ್ನುವ ಹೆಸರೂ ಇದೆ. ಫಿನ್ಲೆಂಡಿನಲ್ಲಿ ಲೆಕ್ಕ ಹಾಕಿದಾಗ ಲಕ್ಷ ಜನರಲ್ಲಿ ಸುಮಾರು 1.4 ಮಂದಿಗೆ ಈ ರೋಗವಿತ್ತು. ಹೆಚ್ಚಾಗಿ ಕಾಣುವುದು 40ರಿಂದ 60 ವಯಸ್ಸಿನವರಲ್ಲಿ. ಹೆಂಗಸರಿಗಿಂತ ಗಂಡಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಮಕ್ಕಳಲ್ಲಿ ತೀರಾ ವಿರಳ.

ಯಾಕೆ ಬರುತ್ತದೆ?

ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ರೋಗಿಗಳಲ್ಲಿ ಇಂಥದ್ದೇ ಎಂದು ಬೊಟ್ಟು ಮಾಡುವ ಕಾರಣ ಸಿಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ತನ್ನ ಅಂಗಾಂಶದ ಮೇಲೆ ತಿರುಗಿಬೀಳುತ್ತದೆ ಎಂಬುದು ಈಗಿನ ತಿಳಿವಳಿಕೆ. ಐಜಿಜಿ4 ಎಂಬ ಪ್ರತಿಕಾಯಕ್ಕೂ ಮೇದೋಜ್ಜೀರಕ ಗ್ರಂಥಿಯ ಒಂದು ರೋಗಕ್ಕೂ ನಂಟಿದೆ ಎಂದು ಜಪಾನಿನ ವೈದ್ಯರು 2001ರಲ್ಲಿ ತೋರಿಸಿದರು. ಆರ್‌ಪಿಎಫ್ ರೋಗಿಗಳಲ್ಲಿ ಗಣನೀಯ ಪಾಲು ಜನ ಇದೇ ಐಜಿಜಿ4 ಗುಂಪಿಗೆ ಸೇರಿದವರು ಎಂದು ಆಮೇಲೆ ತಿಳಿಯಿತು. ಇಂಥವರಿಗೆ ಜೊಲ್ಲುಗ್ರಂಥಿ, ಪಿತ್ತನಾಳ, ಥೈರಾಯ್ಡ್ ಕೂಡ ಊದಿಕೊಳ್ಳಬಹುದು. ದವಡೆಯ ಕೆಳಗೆ ಗಂಟು, ಕಾಮಾಲೆ ಏನಾದರೂ ಬಂದು ಹೋಗಿದ್ದರೆ ವೈದ್ಯರಿಗೆ ಹೇಳಿ.

ಉಳಿದವರಲ್ಲಿ ಕಾರಣ ಸಿಗುತ್ತದೆ, ಹುಡುಕಲೇಬೇಕು. ಲಿಂಫೋಮಾದಂಥ ಕ್ಯಾನ್ಸರ್, ಹೊಟ್ಟೆಯೊಳಗೆ ಹರಡಿದ ಬೇರೆ ಕ್ಯಾನ್ಸರ್, ಟಿಬಿ, ಹಿಂದೆ ಮಾಡಿಸಿದ ರೇಡಿಯೇಷನ್ ಅಥವಾ ದೊಡ್ಡ ಶಸ್ತ್ರಚಿಕಿತ್ಸೆ, ಕೆಲವು ಔಷಧ. ಅರೆತಲೆನೋವಿಗೆ ಒಂದು ಕಾಲದಲ್ಲಿ ಕೊಡುತ್ತಿದ್ದ ಮೆಥಿಸರ್ಜೈಡ್ ಮಾತ್ರೆ ಇದಕ್ಕೆ ಹೆಸರುವಾಸಿ. ಅದೇ ಕುಲದ ಅರ್ಗಟ್ ಔಷಧಗಳ ಬಗ್ಗೆಯೂ ಎಚ್ಚರಿಕೆ ಇದೆ. ಬೀಡಿ, ಸಿಗರೇಟು ಸೇದುವವರಿಗೂ, ಕಲ್ನಾರಿನ ದೂಳಿನಲ್ಲಿ ಕೆಲಸ ಮಾಡಿದವರಿಗೂ ಅಪಾಯ ಹೆಚ್ಚು ಎಂದು ಅಧ್ಯಯನಗಳು ಹೇಳಿವೆ. ಕಲ್ನಾರಿನ ಶೀಟು ಕೊಯ್ಯುವ ಕೆಲಸ ಮಾಡಿದವರು ಆ ಸಂಗತಿಯನ್ನೂ ತಪ್ಪದೆ ಹೇಳಬೇಕು.

ನಮ್ಮ ಕಡೆಯವರು ಮೊದಲು ಕೇಳುವ ಪ್ರಶ್ನೆ: ಫ್ಲೋರೈಡ್ ನೀರಿನಿಂದ ಬರುತ್ತದೆಯೇ? ಈ ರೋಗದ ಕಾರಣಗಳ ಪಟ್ಟಿಯಲ್ಲಿ ಫ್ಲೋರೈಡ್ ಇಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯೂ ಅಲ್ಲ. ಊಟದ ಪಥ್ಯ ತಪ್ಪಿದ್ದಕ್ಕೆ ಬಂತು ಅನ್ನುವುದಕ್ಕೂ ಆಧಾರವಿಲ್ಲ.

ನೋವಿನ ಗುಣ ನೋಡಿ

ಕಲ್ಲಿನ ನೋವು ಅಲೆ ಅಲೆಯಾಗಿ ಬಂದು ಮನುಷ್ಯನನ್ನು ಹೊರಳಾಡಿಸುತ್ತದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂತವರ, ಶೇಂಗಾ ಕೀಳಲು ಬಗ್ಗಿದವರ ಸೊಂಟ ನೋವು ಒರಗಿದರೆ, ಮಲಗಿದರೆ ಇಳಿಯುತ್ತದೆ. ಆರ್‌ಪಿಎಫ್ ನೋವು ಇವೆರಡರ ಹಾಗಲ್ಲ. ಸೊಂಟದಲ್ಲೋ ಪಕ್ಕೆಯಲ್ಲೋ ಕೆಳಹೊಟ್ಟೆಯಲ್ಲೋ ಮಂದವಾಗಿ, ಬಿಡದೆ ಇರುತ್ತದೆ. ಕೂತರೂ ಮಲಗಿದರೂ ಮಗ್ಗುಲು ಬದಲಿಸಿದರೂ ಅಷ್ಟೇ. ಕೆಲವೊಮ್ಮೆ ತೊಡೆಸಂದಿಗೂ ಇಳಿಯುತ್ತದೆ.

ಇದರ ಜೊತೆ ಬರಬಹುದಾದವು:

• ಕಾರಣವಿಲ್ಲದೆ ತೂಕ ಇಳಿಯುವುದು, ಊಟ ಸೇರದಿರುವುದು, ಸುಸ್ತು, ಸಣ್ಣ ಜ್ವರ
• ಹೊಸದಾಗಿ ಬಿಪಿ ಏರುವುದು, ಅಥವಾ ಹತೋಟಿಯಲ್ಲಿದ್ದದ್ದು ತಪ್ಪುವುದು
• ಒಂದು ಅಥವಾ ಎರಡೂ ಕಾಲಿನ ಬಾವು
• ಗಂಡಸರಲ್ಲಿ ವೃಷಣ ನೋವು, ವೃಷಣದ ಚೀಲ ಊದುವುದು
• ಮಲಬದ್ಧತೆ
• ಮೂತ್ರ ಕಡಿಮೆಯಾಗುವುದು

ಇನ್ನೊಂದು ಕಪಟ ಇದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಇಂಜೆಕ್ಷನ್‌ಗೆ ಈ ನೋವು ಆರಂಭದಲ್ಲಿ ಚೆನ್ನಾಗಿ ಬಗ್ಗುತ್ತದೆ. ಉರಿಯೂತ ತಾತ್ಕಾಲಿಕವಾಗಿ ತಗ್ಗುವುದರಿಂದ ಹೀಗಾಗುತ್ತದೆ. ರೋಗಿ ಗುಣವಾಯಿತು ಅಂದುಕೊಳ್ಳುತ್ತಾನೆ, ಒಳಗೆ ನಾರು ಬೆಳೆಯುತ್ತಲೇ ಇರುತ್ತದೆ. ಸಾಲದ್ದಕ್ಕೆ, ದಾರಿ ಕಟ್ಟಿ ಸೋತಿರುವ ಕಿಡ್ನಿಗೆ ಆ ಮಾತ್ರೆಯೇ ಇನ್ನೊಂದು ಪೆಟ್ಟು ಕೊಡುತ್ತದೆ. ಎರಡು ಮೂರು ವಾರವಾದರೂ ಮಾತ್ರೆ ಇಲ್ಲದೆ ದಿನ ಕಳೆಯಲಾಗುತ್ತಿಲ್ಲ ಎಂದಾದರೆ ಮಾತ್ರೆ ಬದಲಿಸಬೇಡಿ, ಪರೀಕ್ಷೆ ಮಾಡಿಸಿ.

ಕೆಳಗಿನ ಯಾವುದಾದರೂ ಒಂದು ಕಂಡರೆ ಬೆಳಗಿನವರೆಗೂ ಕಾಯಬೇಡಿ, 108ಕ್ಕೆ ಕರೆ ಮಾಡಿ: ಅರ್ಧ ದಿನ ಕಳೆದರೂ ಮೂತ್ರವೇ ಬಾರದಿರುವುದು, ಪಕ್ಕೆ ನೋವಿನ ಜೊತೆ ಚಳಿ ನಡುಕದ ಜ್ವರ, ಉಸಿರುಗಟ್ಟಿದಂತಾಗುವುದು, ನಿಲ್ಲದ ವಾಂತಿ ಬಿಕ್ಕಳಿಕೆ, ಮಂಪರು. ಕಟ್ಟಿದ ಕಿಡ್ನಿಯಲ್ಲಿ ಸೋಂಕು ಸೇರಿಕೊಂಡರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಕುತ್ತು.

ಸ್ಕ್ಯಾನ್ ರಿಪೋರ್ಟ್ ಓದುವುದು ಹೇಗೆ?

ಹೊಟ್ಟೆ ಸ್ಕ್ಯಾನಿನ ರಿಪೋರ್ಟು ಒಂದೆರಡು ಪುಟದ್ದು. ಇಂಗ್ಲಿಷಿನಲ್ಲಿರುತ್ತದೆ, ಆದರೆ ಹುಡುಕಬೇಕಾದ ಪದ ನಾಲ್ಕೈದೇ. ಓದಬಲ್ಲ ಮಗನನ್ನೋ ಮೊಮ್ಮಗಳನ್ನೋ ಜೊತೆಗೆ ಕೂರಿಸಿಕೊಳ್ಳಿ.

‘ಹೈಡ್ರೋನೆಫ್ರೋಸಿಸ್’ ಎಂದಿದ್ದರೆ ಕಿಡ್ನಿಯಲ್ಲಿ ಮೂತ್ರ ನಿಂತು ಊದಿದೆ ಎಂದರ್ಥ. ಅದರ ಹಿಂದೆ ‘ಮೈಲ್ಡ್’, ‘ಮಾಡರೇಟ್’, ‘ಸಿವಿಯರ್’ ಎಂದು ಎಷ್ಟು ಊದಿದೆ ಅನ್ನುವುದು ಇರುತ್ತದೆ. ‘ಬೈಲ್ಯಾಟರಲ್’ ಎಂದರೆ ಎರಡೂ ಕಡೆ. ‘ಹೈಡ್ರೋಯುರೆಟರ್’ ಎಂದರೆ ಮೂತ್ರನಾಳವೂ ಹಿಗ್ಗಿದೆ, ತಡೆ ಇನ್ನೂ ಕೆಳಗಿದೆ. ‘ನೋ ಕ್ಯಾಲ್ಕ್ಯುಲಸ್’ ಎಂದರೆ ಕಲ್ಲು ಕಾಣಲಿಲ್ಲ. ‘ಆಬ್‌ಸ್ಕ್ಯೂರ್ಡ್ ಬೈ ಬವೆಲ್ ಗ್ಯಾಸ್’ ಎಂಬ ಸಾಲನ್ನು ಯಾರೂ ಗಮನಿಸುವುದಿಲ್ಲ. ಕರುಳಿನ ಗಾಳಿ ಅಡ್ಡ ಬಂದು ಆ ಭಾಗ ನೋಡಲಾಗಲಿಲ್ಲ ಎಂದು ಸ್ಕ್ಯಾನ್ ಮಾಡಿದವರೇ ಒಪ್ಪಿಕೊಂಡ ಮಾತು ಅದು. ಮೂತ್ರನಾಳದ ನಡುಭಾಗ, ಅಂದರೆ ಆರ್‌ಪಿಎಫ್ ಹಿಡಿಯುವ ಜಾಗವೇ, ಹೀಗೆ ಕಣ್ಣು ತಪ್ಪಿಸುತ್ತದೆ. ಕೊನೆಯದಾಗಿ ಕಿಡ್ನಿಯ ಅಳತೆ ನೋಡಿ. ವಯಸ್ಕರ ಕಿಡ್ನಿ ಸುಮಾರು 9ರಿಂದ 12 ಸೆಂಟಿಮೀಟರ್ ಉದ್ದ ಇರುತ್ತದೆ. ಒಂದು ಕಡೆಯದು ತೀರಾ ಸಣ್ಣದಿದ್ದರೆ ಅಲ್ಲಿ ಹಾನಿಯಾಗಿ ಬಹಳ ದಿನವಾಗಿರಬಹುದು.

‘ಹೈಡ್ರೋನೆಫ್ರೋಸಿಸ್’ ಇದ್ದು ‘ನೋ ಕ್ಯಾಲ್ಕ್ಯುಲಸ್’ ಎಂದೂ ಇದ್ದರೆ ಸಿಟಿ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಕಾರಣ ಆರ್‌ಪಿಎಫ್ಫೇ ಆಗಿರಬೇಕೆಂದಿಲ್ಲ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿರಬಹುದು, ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇರಬಹುದು, ಟಿಬಿಯಿಂದ ಮೂತ್ರನಾಳ ಕಿರಿದಾಗಿರಬಹುದು, ಹುಟ್ಟಿನಿಂದಲೇ ನಾಳದ ಬಾಯಿ ಇಕ್ಕಟ್ಟಾಗಿರಬಹುದು. ಯಾವುದೂ ತಡ ಮಾಡುವಂಥದ್ದಲ್ಲ. ಆರ್‌ಪಿಎಫ್‌ನಲ್ಲಿ ನಾರು ಬಿಗಿಯಾಗಿ ಸುತ್ತಿಕೊಂಡು ನಾಳ ಹಿಗ್ಗಲೂ ಆಗದೆ, ಕಿಡ್ನಿ ಹೆಚ್ಚು ಊದದೆಯೇ ಕೆಲಸ ನಿಲ್ಲಿಸುವುದೂ ಉಂಟು. ಆದ್ದರಿಂದ ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಏರಿದ್ದರೆ ‘ಊತ ಸ್ವಲ್ಪವೇ’ ಅನ್ನುವ ಸಮಾಧಾನ ಬೇಡ.

ರೋಗ ಖಚಿತವಾಗುವುದು

ಮೊದಲು ರಕ್ತ ಪರೀಕ್ಷೆ. ಕ್ರಿಯೇಟಿನಿನ್ ಕಿಡ್ನಿಯ ಕೆಲಸ ಹೇಳುತ್ತದೆ. ವಯಸ್ಕರಲ್ಲಿ ಸುಮಾರು 0.6ರಿಂದ 1.2 ಮಿಲಿಗ್ರಾಂ ಇರಬೇಕು. ಇಎಸ್‌ಆರ್, ಸಿಆರ್‌ಪಿ ಉರಿಯೂತದ ಅಳತೆ. ಆರ್‌ಪಿಎಫ್‌ನಲ್ಲಿ ಇವೆರಡೂ ಸಾಮಾನ್ಯವಾಗಿ ಏರಿರುತ್ತವೆ, ರಕ್ತ ಕಡಿಮೆ ಇರುತ್ತದೆ. ಐಜಿಜಿ4 ಪರೀಕ್ಷೆಯನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕಾಗುತ್ತದೆ.

ಮುಖ್ಯ ಪರೀಕ್ಷೆ ಸಿಟಿ ಅಥವಾ ಎಂಆರ್‌ಐ. ಮಹಾಪಧಮನಿಯ ಮುಂದೆ, ಅಕ್ಕಪಕ್ಕ ಕವಚದಂತೆ ಬೆಳೆದ ಅಂಗಾಂಶ, ಒಳಕ್ಕೆ ಎಳೆದ ಮೂತ್ರನಾಳ ಅದರಲ್ಲಿ ಕಾಣುತ್ತದೆ. ಸಿಟಿಗೆ ಮುಂಚೆ ಕೊಡುವ ಬಣ್ಣದ ಇಂಜೆಕ್ಷನ್ ಸೋತ ಕಿಡ್ನಿಗೆ ಭಾರವಾಗಬಹುದು. ಕ್ರಿಯೇಟಿನಿನ್ ಎಷ್ಟಿದೆ, ಶುಗರ್‌ಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಅಲ್ಲಿನ ಸಿಬ್ಬಂದಿಗೆ ಮೊದಲೇ ತಿಳಿಸಿ. ರೋಗ ಎಷ್ಟು ಚುರುಕಾಗಿದೆ, ಬೇರೆಲ್ಲಾದರೂ ಕ್ಯಾನ್ಸರ್ ಅಡಗಿದೆಯೇ ಎಂದು ನೋಡಲು ಕೆಲವರಿಗೆ ಪೆಟ್ ಸಿಟಿ ಬೇಕಾಗುತ್ತದೆ.

ಸೂಜಿ ಹಾಕಿ ತುಣುಕು ತೆಗೆಯುವ ಬಯಾಪ್ಸಿ ಎಲ್ಲರಿಗೂ ಬೇಕಿಲ್ಲ. ಗಡ್ಡೆ ಮಾಮೂಲಿ ಜಾಗ ಬಿಟ್ಟು ಬೇರೆಡೆ ಇದ್ದರೆ, ಕ್ಯಾನ್ಸರಿನ ಅನುಮಾನ ಬಂದರೆ, ಔಷಧಕ್ಕೆ ಬಗ್ಗದಿದ್ದರೆ ಮಾಡಿಸಲೇಬೇಕು. ‘ಸೂಜಿ ಚುಚ್ಚಿದರೆ ಹರಡುತ್ತದೆ’ ಎಂಬ ಭಯಕ್ಕೆ ಹಿಂದೆ ಸರಿದರೆ, ಲಿಂಫೋಮಾ ಇದ್ದವರಿಗೆ ಬರೀ ಸ್ಟಿರಾಯ್ಡ್ ಕೊಟ್ಟು ರೋಗ ಮುಚ್ಚಿಹೋಗುವ ಅಪಾಯವಿದೆ.

ಮೊದಲ ಕೆಲಸ: ಕಟ್ಟಿದ ದಾರಿ ಬಿಡಿಸುವುದು

ಕ್ರಿಯೇಟಿನಿನ್ ಏರಿದ್ದರೆ ಉಳಿದ ಪರೀಕ್ಷೆಗೆ ಕಾಯದೆ ಮೂತ್ರಕ್ಕೆ ದಾರಿ ಮಾಡಿಕೊಡಬೇಕು. ವಿಧಾನ ಎರಡು.

ಒಂದು, ಡಿಜೆ ಸ್ಟೆಂಟ್. ಎರಡೂ ತುದಿ ಸುರುಳಿ ಸುತ್ತಿದ, ಸುಮಾರು 26 ಸೆಂಟಿಮೀಟರಿನ ಮೆತ್ತನೆಯ ಕೊಳವೆ. ದೂರ್ಬೀನನ್ನು ಮೂತ್ರದ್ವಾರದಿಂದ ಮೂತ್ರಕೋಶಕ್ಕೆ ತೂರಿಸಿ, ಅಲ್ಲಿಂದ ಮೂತ್ರನಾಳದೊಳಗೆ ಸ್ಟೆಂಟನ್ನು ಏರಿಸುತ್ತಾರೆ. ಮೇಲಿನ ಸುರುಳಿ ಕಿಡ್ನಿಯಲ್ಲಿ, ಕೆಳಗಿನದು ಮೂತ್ರಕೋಶದಲ್ಲಿ ಕೂರುತ್ತದೆ. ಹೊಟ್ಟೆಯ ಮೇಲೆ ಗಾಯವಿರುವುದಿಲ್ಲ. ಆಗ ಶಸ್ತ್ರಚಿಕಿತ್ಸಕರಿಗೆ ಒಂದು ಸುಳಿವು ಸಿಗುವುದುಂಟು. ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇಯಲ್ಲಿ ನಾಳ ಕಿರಿದಾಗಿ, ಬೆನ್ನುಮೂಳೆಯ ಕಡೆ ಸರಿದಿರುತ್ತದೆ. ಆದರೂ ಕೊಳವೆ ಎಲ್ಲೂ ಸಿಕ್ಕಿಕೊಳ್ಳದೆ ಸರಾಗವಾಗಿ ಮೇಲೇರುತ್ತದೆ. ತಡೆ ನಾಳದ ಒಳಗಿಲ್ಲ, ಹೊರಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಎರಡು, ಪಿಸಿಎನ್. ಬೆನ್ನಿನ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ನೋಡಿಕೊಂಡು ನೇರವಾಗಿ ಕಿಡ್ನಿಗೆ ಕೊಳವೆ ಹಾಕಿ ಮೂತ್ರವನ್ನು ಹೊರಗಿನ ಚೀಲಕ್ಕೆ ಹರಿಸುವುದು. ಸ್ಟೆಂಟ್ ಏರದಿದ್ದಾಗ, ಸೋಂಕು ಜೋರಾಗಿದ್ದಾಗ ಇದೇ ಗತಿ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಬೈಕಿನಲ್ಲಿ ಬಸ್ಸಿನಲ್ಲಿ ಜಗ್ಗದಂತೆ ಕಟ್ಟಿಕೊಳ್ಳಬೇಕು. ಕೊಳವೆ ಜಾರಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು; ರಂಧ್ರ ಬೇಗ ಮುಚ್ಚಿಕೊಳ್ಳುತ್ತದೆ.

ಎರಡೂ ಕಡೆ ತಡೆ ಬಿಟ್ಟ ಮೇಲೆ ಒಂದೆರಡು ದಿನ ಲೀಟರುಗಟ್ಟಲೆ ಮೂತ್ರ ಹೋಗಬಹುದು. ಜೊತೆಗೆ ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗುತ್ತದೆ. ‘ಮೂತ್ರ ಚೆನ್ನಾಗಿ ಹೋಗುತ್ತಿದೆಯಲ್ಲ, ಮನೆಗೆ ಹೋಗೋಣ’ ಎಂದು ಅವಸರ ಮಾಡಬೇಡಿ. ಆ ಎರಡು ದಿನ ಆಸ್ಪತ್ರೆಯ ನಿಗಾ ಬೇಕು.

ಸ್ಟೆಂಟ್ ಒಳಗಿರುವಾಗ ಪದೇಪದೇ ಮೂತ್ರ, ಕೊನೆಯಲ್ಲಿ ಉರಿ, ಹೋಗುವಾಗ ಪಕ್ಕೆಗೆ ಎಳೆದಂತೆ ನೋವು, ದೂರ ನಡೆದ ದಿನ ಮೂತ್ರ ಸ್ವಲ್ಪ ಕೆಂಪಾಗುವುದು ಸಾಮಾನ್ಯ. ಜ್ವರ ಬಂದರೆ ಮಾತ್ರ ಸಾಮಾನ್ಯವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ತಾರೀಕು. ಸ್ಟೆಂಟನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಬದಲಿಸಬೇಕು ಅಥವಾ ತೆಗೆಯಬೇಕು. ನೋವಿಲ್ಲವೆಂದು ಮರೆತರೆ ಅದರ ಮೇಲೇ ಕಲ್ಲು ಕಟ್ಟುತ್ತದೆ, ಕೊಳವೆ ಒಳಗೇ ತುಂಡಾಗುತ್ತದೆ, ಆಮೇಲೆ ತೆಗೆಯಲು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಹಾಕಿದ ದಿನ, ತೆಗೆಯಬೇಕಾದ ದಿನ ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ಸುತ್ತು ಹಾಕಿ.

ಎರಡನೆಯ ಕೆಲಸ: ನಾರು ಕರಗಿಸುವುದು

ಸ್ಟೆಂಟ್ ಹಾಕಿದರೆ ಕಿಡ್ನಿ ಉಳಿಯುತ್ತದೆ, ರೋಗ ಹೋಗುವುದಿಲ್ಲ. ಉರಿಯೂತ ಇಳಿಸಿ ನಾರಿನ ಗಡ್ಡೆ ಕುಗ್ಗಿಸುವುದು ಔಷಧದ ಕೆಲಸ. ಕಾರಣ ಕ್ಯಾನ್ಸರ್ ಅಥವಾ ಟಿಬಿ ಎಂದು ಗೊತ್ತಾದರೆ ಅದರ ಚಿಕಿತ್ಸೆಯೇ ಮೊದಲು. ಕಾರಣ ಸಿಗದವರಿಗೆ, ಐಜಿಜಿ4 ಗುಂಪಿನವರಿಗೆ ಪ್ರೆಡ್ನಿಸೋಲೋನ್ ಮಾತ್ರೆ ಮೂಲ ಚಿಕಿತ್ಸೆ.

ಸಾಮಾನ್ಯ ಲೆಕ್ಕ ಹೀಗಿರುತ್ತದೆ: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಮಿಲಿಗ್ರಾಂವರೆಗೆ, ಸುಮಾರು ಒಂದು ತಿಂಗಳು, ಆಮೇಲೆ ತಿಂಗಳುಗಳ ಕಾಲ ಹಂತಹಂತವಾಗಿ ಇಳಿಸುವುದು. ಕಡಿಮೆ ಪ್ರಮಾಣದಲ್ಲಿ ವರ್ಷಕ್ಕೂ ಹೆಚ್ಚು ಮುಂದುವರಿಯಬಹುದು. ನೋವು ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಇಎಸ್‌ಆರ್ ವಾರಗಳಲ್ಲಿ ಇಳಿಯುತ್ತದೆ, ಗಡ್ಡೆ ಕುಗ್ಗಲು ತಿಂಗಳುಗಳು ಬೇಕು. ನಿಮ್ಮ ಪ್ರಮಾಣ ನಿರ್ಧರಿಸುವವರು ನಿಮ್ಮ ವೈದ್ಯರೇ. ಪಕ್ಕದ ಮನೆಯವರ ಚೀಟಿ ನೋಡಿ ಅಳೆಯಬೇಡಿ.

ನೋವು ಹೋಯಿತೆಂದು ಮಾತ್ರೆ ಒಮ್ಮೆಗೇ ನಿಲ್ಲಿಸುವುದು ದೊಡ್ಡ ಅಪಾಯ. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದಾಗ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಬೀಳಬಹುದು, ರೋಗವೂ ಮರುಕಳಿಸಬಹುದು. ಊರಹಬ್ಬಕ್ಕೆ, ಮದುವೆಗೆ ಹೊರಟಾಗ ನಾಲ್ಕು ದಿನದ ಮಾತ್ರೆ ಹೆಚ್ಚಿಗೇ ಜೊತೆಗಿರಲಿ.

ಸ್ಟಿರಾಯ್ಡ್ ಶುರು ಮಾಡುವ ಮುಂಚೆ ಇವು ಆಗಿವೆಯೇ ಎಂದು ಕೇಳಿ: ಎದೆಯ ಎಕ್ಸ್‌ರೇ ಸೇರಿ ಟಿಬಿ ತಪಾಸಣೆ, ಶುಗರ್, ಹೆಪಟೈಟಿಸ್ ಬಿ, ಎಚ್‌ಐವಿ, ಕಣ್ಣು. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರು ಅದನ್ನೂ ಹೇಳಬೇಕು. ಮಣ್ಣಿನಿಂದ ಕಾಲಿನ ಮೂಲಕ ಸೇರುವ ಒಂದು ಜಾತಿಯ ಹುಳು ಸ್ಟಿರಾಯ್ಡ್ ಸಿಕ್ಕಾಗ ಮೈಯೆಲ್ಲ ಹರಡಬಲ್ಲದು, ಮೊದಲೇ ಮಾತ್ರೆ ಕೊಟ್ಟರೆ ತಪ್ಪಿಸಬಹುದು. ಶುರುವಾದ ಮೇಲೆ ಊಟವಾಗಿ ಮಾತ್ರೆ, ಆಗಾಗ ಶುಗರ್ ಬಿಪಿ ಪರೀಕ್ಷೆ, ಮೂಳೆಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬೇಕೇ ಎಂಬ ವಿಚಾರಣೆ. ಮುಖ ತುಂಬಿಕೊಳ್ಳುವುದು, ಹಸಿವು ಹೆಚ್ಚುವುದು ಮಾತ್ರೆ ಇಳಿದಂತೆ ಇಳಿಯುತ್ತದೆ.

ಸ್ಟಿರಾಯ್ಡ್ ಒಗ್ಗದವರಿಗೆ ಬೇರೆ ದಾರಿಗಳಿವೆ. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಅವುಗಳಲ್ಲೊಂದು. ಇಟಲಿಯ ವೈದ್ಯರು 2011ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಮೊದಲ ತಿಂಗಳು ಎಲ್ಲರಿಗೂ ಸ್ಟಿರಾಯ್ಡ್ ಕೊಟ್ಟು ಆಮೇಲೆ ಎರಡು ಗುಂಪು ಮಾಡಿದರು. ಎಂಟು ತಿಂಗಳಲ್ಲಿ ರೋಗ ಮರುಕಳಿಸಿದ್ದು ಸ್ಟಿರಾಯ್ಡ್ ಮುಂದುವರಿಸಿದವರಲ್ಲಿ ಶೇ 6, ಟಮಾಕ್ಸಿಫೆನ್ ತೆಗೆದುಕೊಂಡವರಲ್ಲಿ ಶೇ 39. ಅಂದರೆ ಸ್ಟಿರಾಯ್ಡೇ ಮೇಲು, ಅದು ಆಗದಿದ್ದರೆ ಇದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಬಸುರಿಯರಿಗೆ ಟಮಾಕ್ಸಿಫೆನ್ ಸಲ್ಲದು. ಮೈಕೋಫಿನೊಲೇಟ್, ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ರಿಟುಕ್ಸಿಮ್ಯಾಬ್‌ಗಳನ್ನು ರೋಗ ಮರುಕಳಿಸಿದಾಗ, ಸ್ಟಿರಾಯ್ಡ್ ತಗ್ಗಿಸಬೇಕಾದಾಗ ಬಳಸುತ್ತಾರೆ.

ಔಷಧಕ್ಕೂ ಬಗ್ಗದೆ ನಾಳ ಕಟ್ಟಿಯೇ ಇದ್ದರೆ ಶಸ್ತ್ರಚಿಕಿತ್ಸೆ. ನಾರಿನಿಂದ ಮೂತ್ರನಾಳವನ್ನು ಬಿಡಿಸಿ, ಪಕ್ಕಕ್ಕೆ ಸರಿಸಿ, ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಅದಕ್ಕೆ ಸುತ್ತುತ್ತಾರೆ, ಮತ್ತೆ ನಾರು ಹಿಡಿಯದಿರಲೆಂದು. ಲ್ಯಾಪ್ರೊಸ್ಕೋಪಿಯಲ್ಲೂ ಮಾಡಬಹುದು. ಆಪರೇಷನ್ ಆಯಿತೆಂದು ಮಾತ್ರೆ ಬಿಡುವಂತಿಲ್ಲ. ಬಿಡಿಸಿದ್ದು ನಾಳವನ್ನು, ರೋಗವನ್ನಲ್ಲ.

ಎಲ್ಲಿಗೆ ಹೋಗಬೇಕು?

ರಾಂಪುರ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರೂ ಹೆದ್ದಾರಿಯ ಗುಂಟ ಬಳ್ಳಾರಿಯೇ ಹತ್ತಿರ. ಕ್ರಿಯೇಟಿನಿನ್, ಇಎಸ್‌ಆರ್‌ನಂಥ ಮೊದಲ ಪರೀಕ್ಷೆಗೆ ಮೊಳಕಾಲ್ಮೂರು ಅಥವಾ ಚಳ್ಳಕೆರೆ ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿ, ಅಲ್ಲಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಮುಂದಿನ ಹಂತಕ್ಕೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೆಸರು ಬದಲಾದರೂ ಜನ ಇನ್ನೂ ವಿಮ್ಸ್ ಅಂತಲೇ ಕರೆಯುತ್ತಾರೆ. ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೂ ಇವೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಕಿಡ್ನಿ ಮತ್ತು ಮೂತ್ರರೋಗಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ಸ್ಟೆಂಟ್, ಆಪರೇಷನ್ ಯುರಾಲಜಿಸ್ಟರ ಕೆಲಸ. ಕಿಡ್ನಿಯ ಔಷಧ ನೆಫ್ರಾಲಜಿಸ್ಟರದು. ಸ್ಟಿರಾಯ್ಡ್ ಮತ್ತು ಐಜಿಜಿ4 ವಿಷಯದಲ್ಲಿ ರುಮಟಾಲಜಿಸ್ಟರೂ ಬೇಕಾಗಬಹುದು. ಹೊರಡುವ ಮುಂಚೆ ಅವರು ಯಾವ ವಾರ ಹೊರರೋಗಿಗಳನ್ನು ನೋಡುತ್ತಾರೆ ಎಂದು ವಿಚಾರಿಸಿದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಉಳಿಯುತ್ತದೆ.

ಖರ್ಚಿಗೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ನಿಗದಿತ ಚಿಕಿತ್ಸಾ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆಧಾರ್, ರೇಷನ್ ಕಾರ್ಡ್ ಎರಡನ್ನೂ ಒಯ್ಯಿರಿ. ಗಡಿ ದಾಟಿ ಅನಂತಪುರ ಕಡೆಯ ಆಸ್ಪತ್ರೆಗೆ ಹೋಗುವವರು ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮುಂಚೆಯೇ ಕೇಳಿಕೊಳ್ಳಬೇಕು. ಪ್ರೆಡ್ನಿಸೋಲೋನ್ ಅಗ್ಗದ ಮಾತ್ರೆ. ಉಳಿದ ದುಬಾರಿ ಔಷಧಗಳಿಗೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಮನೆಯಲ್ಲಿ

ದಾರಿ ಕಟ್ಟಿರುವಾಗ ‘ನೀರು ಜಾಸ್ತಿ ಕುಡಿದರೆ ತಳ್ಳಿಕೊಂಡು ಹೋಗುತ್ತದೆ’ ಅನ್ನುವುದು ಇಲ್ಲಿ ನಡೆಯುವುದಿಲ್ಲ. ತಳ್ಳಲು ಅಲ್ಲಿ ಕಲ್ಲೇ ಇಲ್ಲ, ನೋವು ಹೆಚ್ಚುತ್ತದೆ ಅಷ್ಟೇ. ಸ್ಟೆಂಟ್ ಬಿದ್ದು ಮೂತ್ರ ಸರಾಗವಾದ ಮೇಲೆ ಎಷ್ಟು ನೀರು ಎಂದು ವೈದ್ಯರು ಹೇಳುತ್ತಾರೆ. ಕ್ರಿಯೇಟಿನಿನ್ ಏರಿದ್ದಾಗ ಎಳನೀರು, ಬಾಳೆದಿಂಡು, ಹಣ್ಣಿನ ರಸ ಕೇಳದೆ ಕುಡಿಯಬೇಡಿ. ಅವುಗಳಲ್ಲಿರುವ ಪೊಟ್ಯಾಸಿಯಂ ಸೋತ ಕಿಡ್ನಿಯಿಂದ ಹೊರಹೋಗದೆ ಹೃದಯಕ್ಕೆ ತೊಂದರೆ ಕೊಡುತ್ತದೆ. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಉಪ್ಪಿನಕಾಯಿ, ಹಪ್ಪಳ, ಸಕ್ಕರೆ ಮಿತಿಯಲ್ಲಿರಲಿ. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು. ಹೆಸರಿಲ್ಲದ ಪುಡಿ, ಭಸ್ಮಗಳಿಂದ ದೂರವಿರಿ. ಬೇರೆ ನೋವಿಗೆ ಮಾತ್ರೆ ಬೇಕಾದರೂ ‘ನನಗೆ ಕಿಡ್ನಿ ತೊಂದರೆ ಇದೆ’ ಎಂದು ಹೇಳಿಯೇ ಪಡೆಯಿರಿ.

ವೈದ್ಯರ ಮುಂದೆ ಕೂತಾಗ ಮಾತು ಮರೆತುಹೋಗುವುದು ಸಹಜ. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

• ನನ್ನ ಎರಡು ಕಿಡ್ನಿಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ?
• ಕ್ಯಾನ್ಸರ್, ಟಿಬಿ ಅಲ್ಲವೆಂದು ಹೇಗೆ ಖಚಿತವಾಯಿತು? ಬಯಾಪ್ಸಿ ಬೇಕೇ?
• ಸ್ಟೆಂಟ್ ಯಾವ ತಾರೀಕಿಗೆ ಬದಲಿಸಬೇಕು?
• ಸ್ಟಿರಾಯ್ಡ್ ಯಾವ ವಾರ ಎಷ್ಟಕ್ಕೆ ಇಳಿಸಬೇಕು? ಬರೆದು ಕೊಡುತ್ತೀರಾ?
• ಮುಂದಿನ ಸ್ಕ್ಯಾನ್ ಯಾವಾಗ?

ಗುಣವಾದ ಮೇಲೂ

ಹೊತ್ತಿಗೆ ಸಿಕ್ಕ, ಕ್ಯಾನ್ಸರಿನಿಂದ ಬಂದದ್ದಲ್ಲದ ಆರ್‌ಪಿಎಫ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಹೆಚ್ಚಿನವರು ಸ್ಟೆಂಟ್ ತೆಗೆಸಿಕೊಂಡು ಮಾಮೂಲಿ ಕೆಲಸಕ್ಕೆ ಮರಳುತ್ತಾರೆ. ಆದರೆ ಮಾತ್ರೆ ನಿಲ್ಲಿಸಿದ ತಿಂಗಳುಗಳಲ್ಲೋ ವರ್ಷಗಳ ನಂತರವೋ ರೋಗ ಮರುಕಳಿಸುವುದು ಅಪರೂಪವಲ್ಲ, ಎಷ್ಟೋ ಸಲ ನೋವೇ ಇಲ್ಲದೆ. ಹಾಗಾಗಿ ಮೈ ಹೇಗಿದೆ ಎಂದು ನೋಡಿ ತಪಾಸಣೆಗೆ ಹೋಗುವ ರೂಢಿ ಇಲ್ಲಿ ಸಾಲದು. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕ್ರಿಯೇಟಿನಿನ್, ಇಎಸ್‌ಆರ್, ಸಿಆರ್‌ಪಿ. ವೈದ್ಯರು ಹೇಳಿದ ಅಂತರದಲ್ಲಿ ಸ್ಕ್ಯಾನ್. ರಕ್ತ ಪರೀಕ್ಷೆಯನ್ನು ಊರಿನ ಹತ್ತಿರವೇ ಮಾಡಿಸಿ, ರಿಪೋರ್ಟಿನ ಫೋಟೊ ಕಳಿಸಿದರೆ ಆಗುತ್ತದೆಯೇ ಎಂದು ಕೇಳಿ. ಪ್ರತಿ ಸಲ ಬಳ್ಳಾರಿಗೋ ಬೆಂಗಳೂರಿಗೋ ಅಲೆಯುವುದು ತಪ್ಪುತ್ತದೆ.

ಹಳೆಯ ರಿಪೋರ್ಟು, ಸಿಟಿ ಸ್ಕ್ಯಾನಿನ ಸಿಡಿ, ಮಾತ್ರೆಯ ಚೀಟಿ, ಸ್ಟೆಂಟ್ ಕಾಗದ ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ಇಷ್ಟು ಅಪರೂಪದ ರೋಗವನ್ನು ನೀವು ನೋಡುವ ಹೊಸ ವೈದ್ಯರು ಮೊದಲ ಸಲ ಕಾಣುತ್ತಿರಬಹುದು. ಹೋದ ವರ್ಷದ ಕ್ರಿಯೇಟಿನಿನ್ 1.1 ಇದ್ದದ್ದು ಈಗ 1.6 ಆಗಿದೆ ಎಂದು ಆ ಫೈಲು ತೋರಿಸಿದರೆ, ಮುಂದಿನ ಸ್ಕ್ಯಾನ್ ಬರೆಯಲು ಅವರಿಗೆ ಬೇರೆ ಕಾರಣ ಬೇಕಾಗುವುದಿಲ್ಲ.